ಒಂಟಿ ಗಣಕಯಂತ್ರದಲ್ಲಿ ಕ್ಲೌಡ್ ಪರೀಕ್ಷೆ

ಕ್ಲೌಡ್ ಎಂದರೆ ಮೋಡ. ಗಣಕಶಾಸ್ತ್ರದಲ್ಲಿ ಈ ಪದವು, ದೂರದ ಅನೇಕ ಯಂತ್ರಗಳ ಗಣನಶಕ್ತಿಯನ್ನೂ ಸಂಗ್ರಹಸ್ಥಳವನ್ನೂ ಜಾಲದ ಮೂಲಕ ಪಡೆಯುವ ಏರ್ಪಾಡನ್ನು ಸೂಚಿಸುತ್ತದೆ. ಅಮೆರಿಕದ ರಾಷ್ಟ್ರೀಯ ಮಾನಕ ಮತ್ತು ತಂತ್ರಜ್ಞಾನ ಸಂಸ್ಥೆಯು 2011ರಲ್ಲಿ ಇದಕ್ಕೆ ಐದು ಲಕ್ಷಣಗಳನ್ನು ಹೇಳಿತು: ಬಳಸುವವನು ಬೇಕಾದುದನ್ನು ತಾನೇ ಪಡೆದುಕೊಳ್ಳುವುದು, ಜಾಲದಿಂದ ಎಟುಕುವುದು, ಸಾಧನಗಳು ಹಲವರಿಗೆ ಸಾಮಾನ್ಯ ನಿಧಿಯಾಗಿರುವುದು, ಶೀಘ್ರವಾಗಿ ಹಿಗ್ಗಿ ಕುಗ್ಗುವುದು, ಬಳಕೆಗೆ ಅಳತೆಯಿರುವುದು. ಹೀಗಿರಲು, ಮೇಜಿನ ಮೇಲಣ ಒಂಟಿ ಯಂತ್ರದಲ್ಲಿ ಕ್ಲೌಡನ್ನು ಕಟ್ಟುವುದು ವಿರೋಧಾಭಾಸವೆಂದು ತೋರಬಹುದು. ಆದರೂ ಅದು ಸಾಧ್ಯ. ಅದರಿಂದ ಯಾವುದು ಸಿದ್ಧವಾಗುತ್ತದೆ, ಯಾವುದು ಆಗುವುದಿಲ್ಲವೆಂಬುದೇ ಇಲ್ಲಿ ವಿಚಾರ್ಯವಾದ ಅಂಶ.

2010ರಲ್ಲಿ ನಾಸಾ ಸಂಸ್ಥೆಯೂ ರ‍್ಯಾಕ್‌ಸ್ಪೇಸ್ ಕಂಪನಿಯೂ ಕೂಡಿ ಆರಂಭಿಸಿದ ಓಪನ್‌ಸ್ಟ್ಯಾಕ್ ಎಂಬುದು ಕ್ಲೌಡನ್ನು ನಿರ್ಮಿಸುವ ಮುಕ್ತ ತಂತ್ರಾಂಶ. ಇದರ ಅಂಗಗಳು ಹಲವು. ಕೀಸ್ಟೋನ್ ಬಳಕೆದಾರನ ಗುರುತನ್ನು ಪರಿಶೀಲಿಸುತ್ತದೆ. ನೋವಾ ವರ್ಚುಯಲ್ ಯಂತ್ರಗಳನ್ನು, ಅಂದರೆ ಯಂತ್ರದೊಳಗೆ ತಂತ್ರಾಂಶವು ರಚಿಸುವ ಯಂತ್ರಗಳನ್ನು, ನಡೆಸುತ್ತದೆ. ಗ್ಲಾನ್ಸ್ ಅವುಗಳ ಮೂಲಪ್ರತಿಗಳನ್ನು ಕಾಪಾಡುತ್ತದೆ. ನ್ಯೂಟ್ರಾನ್ ಜಾಲವನ್ನು ಹೆಣೆಯುತ್ತದೆ. ಇವೆಲ್ಲವನ್ನೂ ಒಂದೇ ಯಂತ್ರದಲ್ಲಿ ಸ್ಥಾಪಿಸುವ ಆಜ್ಞಾಮಾಲೆಗೆ ಡೆವ್‌ಸ್ಟ್ಯಾಕ್ ಎಂದು ಹೆಸರು.

ಡೆವ್‌ಸ್ಟ್ಯಾಕ್ ತಾನು ನೆಲೆಸಿದ ಯಂತ್ರದ ವ್ಯವಸ್ಥೆಯನ್ನು ಬಹಳವಾಗಿ ಮಾರ್ಪಡಿಸುತ್ತದೆ. ಆದಕಾರಣ ನಿತ್ಯದ ಕೆಲಸದ ಗಣಕದಲ್ಲಿ ಅದನ್ನು ನೇರವಾಗಿ ಸ್ಥಾಪಿಸತಕ್ಕದ್ದಲ್ಲ. ವರ್ಚುಯಲ್‌ಬಾಕ್ಸಿನಂತಹ ತಂತ್ರಾಂಶದಿಂದ ಪ್ರತ್ಯೇಕ ಯಂತ್ರವೊಂದನ್ನು ರಚಿಸಿ, ಅದರಲ್ಲಿ ಹೊಸದಾಗಿ ಉಬುಂಟು ಹಾಕಬೇಕು. ಬಳಿಕ ‘ಸ್ಟ್ಯಾಕ್’ ಎಂಬ ಬಳಕೆದಾರನಿಗೆ ಆಡಳಿತಾಧಿಕಾರವನ್ನು ಕೊಟ್ಟು, ಗಿಟ್ ಮೂಲಕ ಡೆವ್‌ಸ್ಟ್ಯಾಕನ್ನು ತರಿಸಿ, ‘ಲೋಕಲ್.ಕಾನ್ಫ್’ ಎಂಬ ಕಡತದಲ್ಲಿ ನಾಲ್ಕು ಗುಪ್ತಪದಗಳನ್ನು ಬರೆಯಬೇಕು: ಆಡಳಿತಕ್ಕೊಂದು, ದತ್ತಾಂಶಭಂಡಾರಕ್ಕೊಂದು, ಅಂಗಗಳ ಪರಸ್ಪರ ಸಂದೇಶಗಳಿಗೊಂದು, ಸೇವೆಗಳಿಗೊಂದು. ಅನಂತರ ‘ಸ್ಟ್ಯಾಕ್.ಎಸ್‌ಎಚ್’ ಎಂಬ ಆಜ್ಞೆಯನ್ನು ನಡೆಸಿದರೆ ಉಳಿದ ಕಾರ್ಯವು ತಾನಾಗಿ ಸಾಗುತ್ತದೆ. ಕೊನೆಗೆ, ಪರೀಕ್ಷೆಗೆಂದೇ ಸಿದ್ಧಪಡಿಸಿದ ಸಿರ್‌ಒಎಸ್ ಎಂಬ ಅತಿ ಚಿಕ್ಕ ಪ್ರತಿಯಿಂದ ಯಂತ್ರವೊಂದನ್ನು ಎಬ್ಬಿಸಬೇಕು. ಅದು ಎದ್ದು ಜಾಲದಲ್ಲಿ ತನ್ನ ವಿಳಾಸವನ್ನು ಪಡೆದರೆ, ಮೇಲಣ ಅಂಗಗಳೆಲ್ಲ ಒಂದರೊಡನೊಂದು ಸರಿಯಾಗಿ ವ್ಯವಹರಿಸುತ್ತಿವೆಯೆಂದು ತಿಳಿಯಬಹುದು.

ಇದರ ಪ್ರಯೋಜನ ಸ್ಪಷ್ಟವಾಗಿದೆ. ಬಾಡಿಗೆಯ ಕ್ಲೌಡಿನಲ್ಲಿ ಮರೆತುಬಿಟ್ಟ ಯಂತ್ರವು ಖರ್ಚನ್ನು ಬೆಳೆಸುತ್ತಲೇ ಇರುತ್ತದೆ. ತಪ್ಪಿ ಕೊಟ್ಟ ಒಂದು ಆಜ್ಞೆಯು ಇತರರ ದತ್ತಾಂಶವನ್ನೂ ಅಳಿಸೀತು. ಇಲ್ಲಿಯಾದರೋ ತಪ್ಪಿದರೆ ಅಳಿಸಿ ಮತ್ತೆ ಕಟ್ಟಿದರಾಯಿತು.

ಆದರೆ ಇದರ ಪ್ರಮಾಣಕ್ಕೆ ಎಲ್ಲೆಯುಂಟು. ಒಂದೇ ಗ್ರಂಥದ ಎರಡು ಪ್ರತಿಗಳನ್ನು ಒಂದೇ ಪೆಟ್ಟಿಗೆಯಲ್ಲಿಟ್ಟರೆ ಬೆಂಕಿಯಿಂದ ರಕ್ಷಣೆಯಾಗದು. ಹಾಗೆಯೇ ಒಂದೇ ಡಿಸ್ಕಿನಲ್ಲಿರುವ ನಕಲುಗಳಿಂದ ದತ್ತಾಂಶದ ಭದ್ರತೆ ಸಿದ್ಧವಾಗದು. ಯಂತ್ರದೊಳಗಣ ಯಂತ್ರವು ನಿಧಾನವಾದುದರಿಂದ ಇಲ್ಲಿ ಅಳೆದ ವೇಗವು ನಿಜವಾದ ಕ್ಲೌಡಿಗೆ ಅನ್ವಯಿಸದು. ಹಿಗ್ಗುವಿಕೆಯೂ ಆ ಒಂದು ಯಂತ್ರದ ಸ್ಮೃತಿಯಷ್ಟಕ್ಕೇ ಸೀಮಿತ. ಅದನ್ನು ಆರಿಸಿ ಹೊತ್ತಿಸಿದರೆ ವ್ಯವಸ್ಥೆಯು ಮೊದಲಿನಂತೆ ನಿಲ್ಲುವುದೂ ಇಲ್ಲ. ಸ್ಥಾಪನೆಯನ್ನು ಪುನಃ ನಡೆಸಬೇಕಾಗುತ್ತದೆ.

ಆದ್ದರಿಂದ ಕೇಳಿದ್ದಕ್ಕೆ ಸರಿಯಾದ ಉತ್ತರ ಬರುವುದೇ ಎಂಬುದಕ್ಕೆ ಈ ಪರೀಕ್ಷೆ ಪ್ರಮಾಣ. ಸಾವಿರ ಜನ ಒಮ್ಮೆಗೇ ಕೇಳಿದಾಗ ಬರುವುದೇ ಎಂಬುದಕ್ಕೆ ಅಲ್ಲ.