ಬಂದೂಕು ಇಳಿಸಿದ ಕೈಗೆ ಸ್ಪ್ಯಾನರ್

ಕೊಡಗಿಗೆ ರೈಲಿಲ್ಲ. ಅಕ್ಕಿಯಿಂದ ಹಿಡಿದು ಅಡಿಗೆ ಗ್ಯಾಸಿನವರೆಗೆ ಎಲ್ಲವೂ ರಸ್ತೆಯಲ್ಲೇ ಬರಬೇಕು, ಕಾಫಿ-ಕರಿಮೆಣಸು ರಸ್ತೆಯಲ್ಲೇ ಹೋಗಬೇಕು. ಗಾಡಿ ರಿಪೇರಿ ಬಲ್ಲವನಿಗೆ ಇಲ್ಲಿ ಕೆಲಸಕ್ಕೆ ಬರವಿಲ್ಲ.

ಮೂವತ್ತೈದರ ಆಸುಪಾಸಿನಲ್ಲೇ ಟ್ರಂಕು ಹೊತ್ತು ಊರಿಗೆ ಮರಳುವ ಸೈನಿಕರಿಗೂ ಈ ಜಿಲ್ಲೆಯಲ್ಲಿ ಬರವಿಲ್ಲ. 15 ವರ್ಷ ಸೇವೆಯಾದರೆ ಜವಾನನಿಗೆ ಪಿಂಚಣಿಯೇನೋ ಉಂಟು. ಆದರೆ ಮಕ್ಕಳು ಇನ್ನೂ ಪ್ರೈಮರಿ ಶಾಲೆಯಲ್ಲಿ! ಬರೀ ಬಂದೂಕು ಹಿಡಿದವರು ಬ್ಯಾಂಕಿನ ಕಾವಲಿಗೋ, ತೋಟದ ರೈಟರ್ ಕೆಲಸಕ್ಕೋ ಹೋಗುತ್ತಾರೆ. ಇ.ಎಂ.ಇ.ಯಲ್ಲಿ ಇಂಜಿನ್ ಬಿಚ್ಚಿದವರಿಗೆ, ಎ.ಎಸ್.ಸಿ.ಯಲ್ಲಿ ಲಾರಿ ಓಡಿಸಿದವರಿಗೆ ಮಾತ್ರ ಗ್ಯಾರೇಜಿನ ದಾರಿ ಹತ್ತಿರ.

1943ರಲ್ಲಿ ಹುಟ್ಟಿದ ಇ.ಎಂ.ಇ. ಸೇನೆಯ ರಿಪೇರಿ ದಳ. ಹಳೆಯ ಕೈಗಳು ಅಲ್ಲಿ ಪಳಗಿದ್ದು ಶಕ್ತಿಮಾನ್ ಲಾರಿಯ ಮೇಲೆ, 1969ರಿಂದ 1999ರವರೆಗೆ ಜಬಲ್ಪುರದಲ್ಲಿ ತಯಾರಾದ ಜೋಂಗಾ ಮೇಲೆ. ಎರಡೂ ಫೋರ್ ವೀಲ್ ಗಾಡಿಗಳು. ತೋಟದ ಜೀಪಿನ ಹೊಟ್ಟೆಯೊಳಗಿರುವುದೂ ಹೆಚ್ಚುಕಮ್ಮಿ ಅದೇ ಸಂಸಾರ ತಾನೆ?

ಸೇನೆಯ ಇನ್ನೊಂದು ಪಾಠ, ಕೆಡುವ ಮೊದಲೇ ನೋಡುವುದು. ಪ್ರತಿ ಗಾಡಿಗೂ ಅಲ್ಲಿ ಒಂದು ಕಾರ್ ಡೈರಿ. ನಮ್ಮ ಮಾಲೀಕರೋ, ಹೊಗೆ ಬಂದ ಮೇಲೆ ಗ್ಯಾರೇಜ್ ನೆನಪು ಮಾಡಿಕೊಳ್ಳುವವರು. ಜುಲೈ ಮಳೆಯಲ್ಲಿ ತೋಡು ದಾಟಿದ ಜೀಪಿನ ಡಿಫರೆನ್ಷಿಯಲ್‌ಗೆ ನೀರು ಹೊಕ್ಕರೆ ಎಣ್ಣೆ ಹಾಲು ಹಾಕಿದ ಚಹಾದ ಹಾಗಾಗುತ್ತದೆ. ಆಗಲೇ ಬದಲಾಯಿಸಿದರೆ ನೂರರಲ್ಲಿ ಮುಗಿಯುವ ಕೆಲಸ, ಬಿಟ್ಟರೆ ಗೇರುಗಳೇ ಹೋಗಿ ಸಾವಿರಗಟ್ಟಲೆ.

ಸೇನೆ ಕಲಿಸದೇ ಇರುವುದು ಬಿಲ್ ಬರೆಯುವುದನ್ನು. ಜೀಪು ಕೆಡುವುದು ಜುಲೈನಲ್ಲಿ, ರೊಬಸ್ಟಾ ಕೊಯ್ಲು ಜನವರಿಯಿಂದ ಮಾರ್ಚ್. "ಕಾಫಿ ಮಾರಿದ ಮೇಲೆ ಕೊಡ್ತೇನೆ ಮಾರಾಯ" ಅಂದರೆ ಮುಗಿಯಿತು. ಸ್ಪೇರ್ ಅಂಗಡಿಯವನು ಅಷ್ಟು ದಿನ ಕಾಯ್ತಾನಾ? ಅಂಗಡಿ ಇಟ್ಟವರಿಗೆ ಈ ಸಂಕಟ ಬಿಡಿಸಿ ಹೇಳಬೇಕಿಲ್ಲ. ಗ್ಯಾರೇಜ್ ಬಾಗಿಲು ಮುಚ್ಚದಂತೆ ಕಾಯುವುದು ತಿಂಗಳ ಪಿಂಚಣಿ.

2020ರ ಏಪ್ರಿಲ್‌ನಿಂದ ಬಿಎಸ್-6 ಗಾಡಿಗಳು ಬಂದವು. ಶಬ್ದ ಕೇಳಿಯೇ ರೋಗ ಹೇಳುತ್ತಿದ್ದ ಕಿವಿಗೆ ಈಗ ಸ್ಕ್ಯಾನರ್ ಜೊತೆಗಿರಬೇಕು. ಹಳೆಯ ಜೀಪುಗಳಿರುವ ತನಕ ಕಿವಿಗೂ ಸಂಬಳವಿದೆ, ಅದು ಬೇರೆ ಮಾತು.

ನಿಜವಾದ ಚಿಂತೆ ಮುಂದಿನವರದು. 2022ರಲ್ಲಿ ಬಂದ ಅಗ್ನಿಪಥದಲ್ಲಿ ಸೇವೆ ನಾಲ್ಕೇ ವರ್ಷ. ನೂರಕ್ಕೆ 25ರಷ್ಟು ಮಂದಿ ಮಾತ್ರ ಸೇನೆಯಲ್ಲಿ ಮುಂದುವರಿಯುತ್ತಾರೆ. ಉಳಿದವರಿಗೆ ಕೌಶಲದ ಸರ್ಟಿಫಿಕೇಟ್ ಮತ್ತು ಸುಮಾರು 11.7 ಲಕ್ಷ ರೂಪಾಯಿ ಸೇವಾ ನಿಧಿ. ಪಿಂಚಣಿ ಇಲ್ಲ. 2022ರ ಕೊನೆಯಲ್ಲಿ ಸೇರಿದ ಮೊದಲ ತಂಡದ ಲೆಕ್ಕ 2026ರ ಕೊನೆಗೆ ಮುಗಿಯುತ್ತದೆ. ನಾಲ್ಕು ವರ್ಷದಲ್ಲಿ ಇಂಜಿನ್ ಬಿಚ್ಚಲು ಕಲಿಯಬಹುದು, ಪೂರ್ತಿ ಕೈ ಪಳಗುವುದು ಕಷ್ಟ.

ಶೆಡ್ಡಿನ ಅಡ್ವಾನ್ಸ್, ಸ್ಕ್ಯಾನರ್, ಜ್ಯಾಕ್, ವೆಲ್ಡಿಂಗ್ ಸೆಟ್ ಎಲ್ಲವೂ ಆ ಒಂದೇ ಗಂಟಿನಲ್ಲಿ ಆಗಬೇಕು. ಜುಲೈನಲ್ಲಿ ಸಾಲ ಹೇಳುವ ಜೀಪಿನ ಮಾಲೀಕರಂತೂ ಇದ್ದ ಹಾಗೆಯೇ ಇದ್ದಾರೆ.