ರಾಜೀನಾಮೆ ಮೊದಲೋ, ಮನೆ ಮೊದಲೋ?

ನನ್ನ ಅಕ್ಕನ ಮಗಳು ಮತ್ತು ಅವಳ ಗಂಡ ಕಳೆದ ದೀಪಾವಳಿಯ ಹೊತ್ತಿಗೆ ಒಂದೇ ವಾರದಲ್ಲಿ ಎರಡು ದೊಡ್ಡ ಹೆಜ್ಜೆ ಇಟ್ಟರು. ಸೋಮವಾರ ಅಳಿಯ ಕಂಪನಿಗೆ ರಾಜೀನಾಮೆ ಕಳಿಸಿದ. ಗುರುವಾರ ಇಬ್ಬರೂ ಸೇರಿ ಬ್ಯಾಂಕಿನಲ್ಲಿ ಗೃಹಸಾಲಕ್ಕೆ ಅರ್ಜಿ ಹಾಕಿದರು. ಹೊಸ ಕೆಲಸದಲ್ಲಿ ಸಂಬಳ ಹೆಚ್ಚು, ಆಫರ್ ಲೆಟರ್ ಕೈಯಲ್ಲಿದೆ, ಇನ್ನೇನು ತೊಂದರೆ ಅಂದುಕೊಂಡಿದ್ದರು. ಹತ್ತು ದಿನದ ಮೇಲೆ ಬ್ಯಾಂಕಿನವರು ಉದ್ಯೋಗ ಖಾತ್ರಿ ಮಾಡಿಕೊಳ್ಳಲು ಹಳೆಯ ಕಂಪನಿಯನ್ನು ವಿಚಾರಿಸಿದಾಗ, ‘ಅವರು ನೋಟಿಸ್ ಪೀರಿಯಡ್‌ನಲ್ಲಿದ್ದಾರೆ’ ಎಂಬ ಉತ್ತರ ಬಂತು. ಅರ್ಜಿ ಅಲ್ಲಿಗೇ ನಿಂತಿತು. ಅಷ್ಟರಲ್ಲಿ ಫ್ಲಾಟ್ ಮಾರುವವರಿಗೆ ಎರಡು ಲಕ್ಷ ರೂಪಾಯಿ ಮುಂಗಡ ಕೊಟ್ಟಾಗಿತ್ತು.

‘ಚಿಕ್ಕಮ್ಮ, ನಾವೇನು ತಪ್ಪು ಮಾಡಿದ್ವಿ?’ ಎಂದು ಅವಳು ರಾತ್ರಿ ಹತ್ತು ಗಂಟೆಗೆ ಫೋನ್ ಮಾಡಿ ಕೇಳಿದಳು. ತಪ್ಪು ಮಾಡಿರಲಿಲ್ಲ, ಕ್ರಮ ಹಿಂದುಮುಂದಾಗಿತ್ತು. ಕೆಲಸ ಬದಲಿಸುವುದು, ಬಾಡಿಗೆ ಮನೆ ಬದಲಿಸುವುದು, ಮನೆ ಕೊಳ್ಳುವುದು, ಈ ಮೂರೂ ಬೆಂಗಳೂರಿನ ಎಳೆಯ ಜೋಡಿಗಳ ಬದುಕಿನಲ್ಲಿ ಮದುವೆಯಾದ ಒಂದೆರಡು ವರ್ಷದೊಳಗೆ ಒಟ್ಟಿಗೇ ಬಂದು ನಿಲ್ಲುತ್ತವೆ. ಯಾವುದು ಮೊದಲು, ಯಾವುದು ಆಮೇಲೆ ಎನ್ನುವುದರ ಮೇಲೆ ಲಕ್ಷಗಟ್ಟಲೆ ಹಣ ನಿಂತಿರುತ್ತದೆ.

ಬ್ಯಾಂಕು ನೋಡುವುದು ನಾಳೆ ಬರುವ ಸಂಬಳವನ್ನಲ್ಲ, ಈಗಾಗಲೇ ಖಾತೆಗೆ ಬಿದ್ದಿರುವ ಸಂಬಳವನ್ನು. ಸಾಮಾನ್ಯವಾಗಿ ಮೂರು ತಿಂಗಳ ಪೇ ಸ್ಲಿಪ್, ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಎರಡು ವರ್ಷದ ಫಾರ್ಮ್ 16 ಕೇಳುತ್ತಾರೆ. ಹೊಸ ಕಂಪನಿಯಲ್ಲಿ ಪ್ರೊಬೇಷನ್ ಮುಗಿಯದವರ ಅರ್ಜಿಯನ್ನು ಹಲವು ಬ್ಯಾಂಕುಗಳು ತಡೆಹಿಡಿಯುತ್ತವೆ ಅಥವಾ ಕಡಿಮೆ ಮೊತ್ತಕ್ಕೆ ಒಪ್ಪುತ್ತವೆ. ಆದ್ದರಿಂದ ದಾರಿ ಎರಡೇ. ಒಂದೋ ಹಳೆಯ ಕೆಲಸದಲ್ಲಿದ್ದಾಗಲೇ ಸಾಲ ಪಡೆದು, ನೋಂದಣಿ ಮುಗಿಸಿ, ಆಮೇಲೆ ರಾಜೀನಾಮೆ ಕೊಡಬೇಕು. ಇಲ್ಲವೇ ಹೊಸ ಕೆಲಸ ಸೇರಿ, ಕಾಯಂ ಆಗಿ, ಆರು ತಿಂಗಳ ಸಂಬಳ ಕಂಡ ಮೇಲೆ ಸಾಲಕ್ಕೆ ಹೋಗಬೇಕು. ನನಗೆ ಎರಡನೆಯದೇ ಸರಿ ಅನ್ನಿಸುತ್ತದೆ. ಹೊಸ ಕಚೇರಿ ಊರಿನ ಯಾವ ಮೂಲೆಯಲ್ಲಿ, ಅಲ್ಲಿ ಕೆಲಸ ಒಗ್ಗುತ್ತದೆಯೇ ಎಂದು ತಿಳಿಯುವ ಮೊದಲೇ ಇಪ್ಪತ್ತು ವರ್ಷದ ಕಂತು ಹೊತ್ತುಕೊಳ್ಳುವ ಅಗತ್ಯವಿಲ್ಲ.

ಧಾರವಾಡದಲ್ಲಿರುವ ಅವಳ ಅತ್ತೆಯದು ಒಂದೇ ಮಾತು: ‘ಬಾಡಿಗಿ ಕೊಡೂ ರೊಕ್ಕದಾಗ ಸ್ವಂತ ಮನಿ ಕಂತರ ಕಟ್ಟಬಾರ್ದೇನು?’ ಪ್ರೀತಿಯ ಮಾತು ಅದು. ಆದರೆ ಲೆಕ್ಕ ಹಾಕಿ ನೋಡಬೇಕು. ಅವರು ನೋಡಿದ ಫ್ಲಾಟಿನ ಬೆಲೆ 70 ಲಕ್ಷ. ರಿಸರ್ವ್ ಬ್ಯಾಂಕಿನ ನಿಯಮದಂತೆ 30 ಲಕ್ಷದವರೆಗಿನ ಸಾಲವಾದರೆ ಆಸ್ತಿಯ ಬೆಲೆಯ ಶೇ. 90, 30ರಿಂದ 75 ಲಕ್ಷದವರೆಗಾದರೆ ಶೇ. 80, ಅದಕ್ಕೂ ಮೇಲಾದರೆ ಶೇ. 75 ಮಾತ್ರ ಕೊಡಬಹುದು. ಇವರಿಗೆ ಸಿಗಬಹುದಾದದ್ದು ಹೆಚ್ಚೆಂದರೆ 56 ಲಕ್ಷ. ಉಳಿದ 14 ಲಕ್ಷ ಕೈಯಿಂದ ಹೋಗಬೇಕು. ಅದರ ಮೇಲೆ ಮುದ್ರಾಂಕ ಶುಲ್ಕ: 45 ಲಕ್ಷ ಮೀರಿದ ಆಸ್ತಿಗೆ ಶೇ. 5, ಸೆಸ್ ಮತ್ತು ಸರ್ಚಾರ್ಜ್ ಸೇರಿ ನಗರದಲ್ಲಿ ಶೇ. 5.6. ನೋಂದಣಿ ಶುಲ್ಕ ಮೊದಲು ಶೇ. 1 ಇತ್ತು, 2025ರ ಆಗಸ್ಟ್ 31ರಿಂದ ಶೇ. 2 ಆಗಿದೆ. ಎರಡೂ ಸೇರಿ 5 ಲಕ್ಷದ 32 ಸಾವಿರ. ಇದಕ್ಕೆ ಸಾಲ ಸಿಗುವುದಿಲ್ಲ. ಅಂದರೆ ಬೀಗದ ಕೈ ಕೈಗೆ ಬರುವ ಮುನ್ನ ಹತ್ತೊಂಬತ್ತು ಲಕ್ಷಕ್ಕೂ ಹೆಚ್ಚು ಸ್ವಂತ ಹಣ ಬೇಕು. ಆಮೇಲೆ ಶೇ. 8.5ರ ಬಡ್ಡಿಗೆ 20 ವರ್ಷದ ಕಂತು ತಿಂಗಳಿಗೆ ಸುಮಾರು 48,600. ಇವರು ಕಟ್ಟುತ್ತಿದ್ದ ಬಾಡಿಗೆ 24,000.

ಒಂದು ಲಕ್ಷ ಸಾಲಕ್ಕೆ ತಿಂಗಳಿಗೆ ಸುಮಾರು 868 ರೂಪಾಯಿ ಎಂಬ ಒಂದೇ ಸಂಖ್ಯೆ ನೆನಪಿಟ್ಟುಕೊಂಡರೆ ಈ ಬಡ್ಡಿಯಲ್ಲಿ, ಈ ಅವಧಿಗೆ ಯಾವ ಮನೆಯ ಕಂತನ್ನಾದರೂ ಬಸ್ಸಿನಲ್ಲಿ ಕೂತೇ ಲೆಕ್ಕ ಹಾಕಬಹುದು. ಇಬ್ಬರ ಕೈಗೆ ಬರುವ ಸಂಬಳದ ಅರ್ಧವನ್ನು ಎಲ್ಲ ಕಂತುಗಳೂ ಸೇರಿ ಮೀರಬಾರದು ಎಂಬುದು ಬ್ಯಾಂಕುಗಳ ಅಳತೆ. ಮನೆಗೆ ಮಗು ಬರುವ ಯೋಚನೆಯಿದ್ದು, ಕೆಲವು ತಿಂಗಳು ಒಬ್ಬರ ಸಂಬಳ ನಿಲ್ಲಬಹುದಾದರೆ ನನ್ನ ಅಳತೆ ಮೂರನೇ ಒಂದು ಭಾಗ.

ಹಾಗಾಗಿ ಮೊದಲು ಬಾಡಿಗೆ ಮನೆ ಹುಡುಕಲು ಹೇಳಿದೆ. ಅವಳ ಕಚೇರಿ ವೈಟ್‌ಫೀಲ್ಡ್, ಅವನ ಹೊಸ ಕಚೇರಿ ಎಲೆಕ್ಟ್ರಾನಿಕ್ ಸಿಟಿ. ಇಂಥ ಜೋಡಿಗಳು ಸಾಮಾನ್ಯವಾಗಿ ಭೂಪಟದಲ್ಲಿ ಎರಡರ ನಡುವೆ ಬೆರಳಿಟ್ಟು ಸರ್ಜಾಪುರ ರಸ್ತೆ, ಬೆಳ್ಳಂದೂರು ಎಂದು ಹೊರಡುತ್ತಾರೆ. ಆದರೆ ನಡುಬಿಂದು ಎಂದರೆ ಇಬ್ಬರೂ ಹೊರವರ್ತುಲ ರಸ್ತೆಯ ದಟ್ಟಣೆಯಲ್ಲಿ ಸಿಕ್ಕಿಕೊಳ್ಳುವ ಜಾಗ ಎಂದೂ ಆಗಬಹುದು. ನೇರಳೆ ಮಾರ್ಗ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ಗೆ ಹೋಗುತ್ತದೆ. 2025ರ ಆಗಸ್ಟಿನಲ್ಲಿ ಆರಂಭವಾದ ಹಳದಿ ಮಾರ್ಗ ಆರ್.ವಿ. ರಸ್ತೆಯಿಂದ ಎಲೆಕ್ಟ್ರಾನಿಕ್ ಸಿಟಿ ದಾಟಿ ಬೊಮ್ಮಸಂದ್ರ ಮುಟ್ಟುತ್ತದೆ. ಎರಡನ್ನೂ ಜೋಡಿಸುವುದು ಹಸಿರು ಮಾರ್ಗದ ಮೆಜೆಸ್ಟಿಕ್–ಆರ್.ವಿ. ರಸ್ತೆ ನಡುವಿನ ತುಂಡು. ಲಾಲ್‌ಬಾಗ್, ಸೌತ್ ಎಂಡ್, ಜಯನಗರದ ಆಸುಪಾಸಿನಲ್ಲಿ ಮನೆ ಮಾಡಿದರೆ ಇಬ್ಬರಿಗೂ ಒಂದೊಂದೇ ಬದಲಾವಣೆ. ಬಾಡಿಗೆ ತುಸು ಹೆಚ್ಚು, ಮನೆ ಹಳೆಯದು, ಆದರೆ ಕ್ಯಾಬಿನ ಖರ್ಚು ಉಳಿಯುತ್ತದೆ. ಅಡ್ವಾನ್ಸ್ ಕೊಡುವ ಮುನ್ನ ಕೆಲಸದ ದಿನವೊಂದರಲ್ಲಿ, ಕಚೇರಿಯ ಹೊತ್ತಿಗೇ, ಇಬ್ಬರೂ ಆ ಮನೆಯ ಬಾಗಿಲಿಂದ ತಮ್ಮ ತಮ್ಮ ಕಚೇರಿಗೆ ಒಮ್ಮೆ ಹೋಗಿ ನೋಡಬೇಕು. ಭಾನುವಾರ ನೋಡಿದ ದೂರ ನಿಜವಾದ ದೂರವಲ್ಲ.

ಮನೆ ನೋಡುವಾಗ ಟೈಲ್ಸು, ವಾರ್ಡ್‌ರೋಬ್ ಆಮೇಲೆ. ಮೊದಲ ಪ್ರಶ್ನೆ ನೀರು. ಕಾವೇರಿ ನೀರು ವಾರದಲ್ಲಿ ಎಷ್ಟು ದಿನ, ಸಂಪು ಎಷ್ಟು ದೊಡ್ಡದು, ಬೋರ್‌ವೆಲ್ ಬತ್ತಿದರೆ ಟ್ಯಾಂಕರ್ ಹಣ ಯಾರದು? 2024ರ ಬೇಸಿಗೆ ಕಂಡವರಿಗೆ ಇದನ್ನು ಹೇಳಬೇಕಿಲ್ಲ. ಓನರನ್ನು ಕೇಳಿದ ಮೇಲೆ ಕೆಳಗಿನ ಮನೆಯ ಬಾಡಿಗೆದಾರರನ್ನೂ, ಬೀದಿಯ ಇಸ್ತ್ರಿ ಅಂಗಡಿಯವರನ್ನೂ ಕೇಳಿ. ಅವರ ಉತ್ತರ ಹೆಚ್ಚು ನಂಬಿಕೆಯದು. ವಿದ್ಯುತ್ತಿಗೆ ಪ್ರತ್ಯೇಕ ಮೀಟರ್ ಇದೆಯೇ ನೋಡಿ. ತಿಂಗಳಿಗೆ 200 ಯೂನಿಟ್‌ವರೆಗಿನ ಗೃಹಜ್ಯೋತಿ ಸೌಲಭ್ಯ ಬಾಡಿಗೆದಾರರಿಗೂ ಇದೆ. ಆದರೆ ಹಳೆಯ ಮನೆಯ ಆರ್‌ಆರ್ ಸಂಖ್ಯೆಯಿಂದ ನಿಮ್ಮ ಆಧಾರ್ ಬಿಡಿಸಿಕೊಂಡ ಮೇಲೆಯೇ ಹೊಸ ಮನೆಗೆ ಅರ್ಜಿ ಹಾಕಲು ಬರುತ್ತದೆ, ಸೇವಾಸಿಂಧುವಿನಲ್ಲಿ ಅದಕ್ಕೆ ವ್ಯವಸ್ಥೆಯಿದೆ.

‘ನೀವು ಯಾವ ಜನ?’ ಎಂಬ ಪ್ರಶ್ನೆ ಇವರಿಗೆ ಐದು ಮನೆಗಳಲ್ಲಿ ಎದುರಾಯಿತು. ಒಂದು ಕಡೆ ಅಡುಗೆಮನೆಯಲ್ಲಿ ಮೊಟ್ಟೆಯನ್ನೂ ಬೇಯಿಸಬಾರದು ಎಂದರು. ಇದು ಈ ಊರಿನ ನಾಚಿಕೆಗೇಡಿನ ಮಾತು, ಆದರೂ ಮನೆ ಬೇಕಾದವರು ದಿನವೂ ಎದುರಿಸುವ ಮಾತು. ಸುಳ್ಳು ಹೇಳಿ ಮನೆ ಹಿಡಿದು ಹನ್ನೊಂದು ತಿಂಗಳು ಕಿಟಕಿ ಮುಚ್ಚಿ ಅಡುಗೆ ಮಾಡುವ ಬದಲು ಮುಂದಿನ ಮನೆಗೆ ನಡೆಯುವುದು ಮೇಲು ಎಂದು ಅವರಿಗೆ ಹೇಳಿದೆ.

ಈಗ ಅಡ್ವಾನ್ಸ್. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯಷ್ಟು ಮುಂಗಡ ಕೇಳುವುದು ಹಳೆಯ ರೂಢಿ, ಈಗ ಐದಾರು ತಿಂಗಳಿಗೆ ಒಪ್ಪುವವರೂ ಇದ್ದಾರೆ. ಕೇಂದ್ರ ಸರ್ಕಾರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳು ಸಾಕು ಎನ್ನುತ್ತದೆ. ಆದರೆ ಅದು ಮಾದರಿ ಮಾತ್ರ, ರಾಜ್ಯಗಳು ತಾವಾಗಿ ಜಾರಿಗೆ ತಂದರಷ್ಟೇ ಕಾನೂನು. ನಮ್ಮಲ್ಲಿರುವ 1999ರ ಕರ್ನಾಟಕ ಬಾಡಿಗೆ ಕಾಯ್ದೆಯನ್ನು ತಿಂಗಳಿಗೆ 3,500 ರೂಪಾಯಿ ಮೀರದ ಬಾಡಿಗೆಯ ಮನೆಗಳಿಗೆಂದು ಬರೆದದ್ದು. ಇವತ್ತು ಬೆಂಗಳೂರಿನಲ್ಲಿ ಆ ಬಾಡಿಗೆಗೆ ಮನೆ ಎಲ್ಲಿದೆ? ಆದ್ದರಿಂದ ನಿಮ್ಮ ಮುಖ್ಯ ರಕ್ಷಣೆ ಕರಾರು ಪತ್ರವೇ. ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ಕಡ್ಡಾಯವಾಗಿ ನೋಂದಾಯಿಸಬೇಕೆಂದು 1908ರ ನೋಂದಣಿ ಕಾಯ್ದೆ ಹೇಳುವುದರಿಂದಲೇ ಎಲ್ಲರೂ ಹನ್ನೊಂದು ತಿಂಗಳಿಗೆ ಬರೆಸುತ್ತಾರೆ.

ಸಹಿ ಹಾಕುವ ಮುನ್ನ ಆ ಪತ್ರವನ್ನು ಪೂರ್ತಿ ಓದಿ. ಖಾಲಿ ಮಾಡಿದ ಎಷ್ಟು ದಿನದೊಳಗೆ ಅಡ್ವಾನ್ಸ್ ವಾಪಸ್ ಎಂಬ ಸಾಲು ಇರಲೇಬೇಕು. ಪೇಂಟಿಂಗ್‌ಗೆಂದು ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುವುದು ವಾಡಿಕೆ. ಎರಡು ವರ್ಷ ಇದ್ದು ಹೋದವರಿಗೆ ಅದು ನ್ಯಾಯವಿರಬಹುದು, ಐದು ತಿಂಗಳಿಗೆ ಬಿಟ್ಟವರಿಗೂ ಅಷ್ಟೇ ಮೊತ್ತ ಹಿಡಿಯುವುದು ಸರಿಯಲ್ಲ. ಅದನ್ನು ಮೊದಲೇ ಮಾತಾಡಿ ಬರೆಸಿ. ಕೆಲಸ ಬದಲಾಗುತ್ತಿರುವ ಜೋಡಿಗೆ ಲಾಕ್-ಇನ್ ಷರತ್ತು ಬೇಡವೇ ಬೇಡ. ಒಳಹೋಗುವ ದಿನವೇ ಗೋಡೆ, ನಲ್ಲಿ, ಗೀಸರ್ ಎಲ್ಲದರ ಫೋಟೊ ತೆಗೆದು ಓನರಿಗೆ ಕಳಿಸಿಡಿ. ಹಣವನ್ನು ಬ್ಯಾಂಕಿನ ಮೂಲಕವೇ ಕೊಡಿ. ಕರೆಂಟ್ ಬಿಲ್ಲಿನಲ್ಲೋ ಆಸ್ತಿ ತೆರಿಗೆ ರಸೀದಿಯಲ್ಲೋ ಅವರ ಹೆಸರಿದೆಯೇ ನೋಡಿ. ಮನೆಯನ್ನೇ ತೋರಿಸದೆ ‘ಟೋಕನ್ ಹಾಕಿ, ಬ್ಲಾಕ್ ಮಾಡ್ತೀನಿ’ ಎನ್ನುವವರಿಗೆ ಒಂದು ರೂಪಾಯಿಯನ್ನೂ ಕಳಿಸಬೇಡಿ.

ಬಾಡಿಗೆಯೇ ಇಲ್ಲದ ‘ಲೀಸ್’ ಅಂದರೆ ಭೋಗ್ಯದ ಮನೆಗಳೂ ಸಿಗುತ್ತವೆ. ಹತ್ತು ಹದಿನೈದು ಲಕ್ಷ ಒಟ್ಟಿಗೆ ಕೊಟ್ಟು, ಬಿಡುವಾಗ ಅಷ್ಟೂ ವಾಪಸ್ ಪಡೆಯುವ ಪದ್ಧತಿ ಇದು. ಆ ಮನೆಯ ಮೇಲೆ ಓನರು ಮಾಡಿದ ಸಾಲದ ಕಂತು ತಪ್ಪಿದರೆ ಬ್ಯಾಂಕು ಮನೆಯನ್ನೇ ಹರಾಜಿಗೆ ಹಾಕಬಹುದು. ಋಣಭಾರ ಪ್ರಮಾಣಪತ್ರ ನೋಡದೆ, ಕರಾರು ನೋಂದಾಯಿಸದೆ ಆ ದಾರಿ ಹಿಡಿಯುವುದು ಅಪಾಯ.

ಇವರನ್ನು ಹೆಚ್ಚು ಕಂಗೆಡಿಸಿದ್ದು ಬೇರೆಯೇ ಒಂದು ಸಂಗತಿ, ಅದನ್ನು ಯಾರೂ ಮೊದಲೇ ಹೇಳುವುದಿಲ್ಲ. ಕೆಲಸ ಬಿಡುವಾಗ ಹಲವು ಕಂಪನಿಗಳು ಕೊನೆಯ ತಿಂಗಳ ಸಂಬಳವನ್ನು ತಡೆದು, ಅಂತಿಮ ಲೆಕ್ಕದ ಜತೆ ಆಮೇಲೆ ಕೊಡುತ್ತವೆ. ಹೊಸ ಕಂಪನಿಯ ಮೊದಲ ಸಂಬಳ ಬರುವುದು ತಿಂಗಳ ಕೊನೆಗೆ. ಅದೇ ಹೊತ್ತಿಗೆ ಹಳೆಯ ಮನೆಯ ಅಡ್ವಾನ್ಸ್ ಖಾಲಿ ಮಾಡಿದ ಮೇಲೆ ತಾನೇ ಕೈಗೆ ಬರುವುದು, ಹೊಸ ಮನೆಯದನ್ನು ಒಳಹೋಗುವ ಮುನ್ನವೇ ಕೊಡಬೇಕು. 30,000 ಬಾಡಿಗೆಯ ಹೊಸ ಮನೆಗೆ ಐದು ತಿಂಗಳ ಅಡ್ವಾನ್ಸ್ ಒಂದೂವರೆ ಲಕ್ಷ, ಬ್ರೋಕರಿಗೆ ಒಂದು ತಿಂಗಳು, ಮೊದಲ ಬಾಡಿಗೆ, ಸಾಮಾನು ಸಾಗಿಸಲು 12,000, ಒಟ್ಟು 2 ಲಕ್ಷ 22 ಸಾವಿರ. ಹೀಗೆ ಇವರ ಹಣ ಹಳೆಯ ಕಂಪನಿಯಲ್ಲೂ ಹಳೆಯ ಓನರ ಬಳಿಯಲ್ಲೂ ಒಟ್ಟಿಗೇ ಸಿಕ್ಕಿಕೊಂಡಿತ್ತು. ಅವಳ ಸಂಬಳವೊಂದರಲ್ಲೇ ಎರಡು ತಿಂಗಳು ದೂಡಿದರು. ಸಾಧ್ಯವಿದ್ದರೆ ಹೊಸ ಕೆಲಸದ ಎರಡನೇ ಸಂಬಳ ಬಂದ ಮೇಲೆ ಮನೆ ಬದಲಿಸಿ. ಆಗದಿದ್ದರೆ ಮೂರು ತಿಂಗಳ ಮನೆಖರ್ಚನ್ನು ಮುಟ್ಟದಂತೆ ಬೇರೆಯೇ ತೆಗೆದಿಡಿ.

ಕೆಲಸ ಬದಲಿಸುವಾಗ ಕಾಗದಪತ್ರಗಳೂ ಮುಖ್ಯ. ರಿಲೀವಿಂಗ್ ಲೆಟರ್, ಕೊನೆಯ ಪೇ ಸ್ಲಿಪ್‌ಗಳು, ಫಾರ್ಮ್ 16 ಪಡೆದೇ ಹೊರಬನ್ನಿ, ಮುಂದೆ ಸಾಲದ ಕಡತಕ್ಕೆ ಇವೇ ಆಧಾರ. ಪಿಎಫ್ ಹಣವನ್ನು ತೆಗೆಯದೆ ಅದೇ ಯುಎಎನ್ ಅಡಿಯಲ್ಲಿ ಹೊಸ ಖಾತೆಗೆ ವರ್ಗಾಯಿಸಿ. ಐದು ವರ್ಷದ ನಿರಂತರ ಸೇವೆ ಆಗುವ ಮುನ್ನ ತೆಗೆದರೆ ಆ ಹಣಕ್ಕೆ ತೆರಿಗೆ ಬೀಳುತ್ತದೆ, ವರ್ಗಾಯಿಸಿದರೆ ಹಳೆಯ ಕಂಪನಿಯ ಸೇವೆಯೂ ಲೆಕ್ಕಕ್ಕೆ ಸೇರುತ್ತದೆ. ಆರ್ಥಿಕ ವರ್ಷದ ನಡುವೆ ಬದಲಿಸಿದರೆ ಹಳೆಯ ಕಂಪನಿಯ ಸಂಬಳದ ವಿವರವನ್ನು ಹೊಸ ಕಂಪನಿಗೆ ತಪ್ಪದೆ ಕೊಡಿ. ಕೊಡದಿದ್ದರೆ ಎರಡೂ ಕಡೆ ವಿನಾಯಿತಿ ಹಿಡಿದು ಕಡಿಮೆ ತೆರಿಗೆ ಕಡಿತವಾಗಿ, ರಿಟರ್ನ್ಸ್ ಸಲ್ಲಿಸುವಾಗ ದೊಡ್ಡ ಮೊತ್ತ ಒಮ್ಮೆಗೇ ಕಟ್ಟಬೇಕಾಗುತ್ತದೆ. ಕಂಪನಿಯ ಆರೋಗ್ಯ ವಿಮೆ ಸಾಮಾನ್ಯವಾಗಿ ಕೊನೆಯ ಕೆಲಸದ ದಿನಕ್ಕೇ ಮುಗಿಯುವುದರಿಂದ ಇಬ್ಬರ ಹೆಸರಿನಲ್ಲೂ ಸ್ವಂತದ್ದೊಂದು ಪಾಲಿಸಿ ಇರಲಿ.

ಆ ಎರಡು ಲಕ್ಷದ ಮುಂಗಡದಲ್ಲಿ ಬಹಳ ಬೇಡಿಕೊಂಡ ಮೇಲೆ ಒಂದೂವರೆ ಲಕ್ಷ ವಾಪಸ್ ಬಂತು. ‘ಬ್ಯಾಂಕ್ ಸಾಲ ಮಂಜೂರಾಗದಿದ್ದರೆ ಮುಂಗಡವನ್ನು ಪೂರ್ತಿ ಹಿಂದಿರುಗಿಸತಕ್ಕದ್ದು’ ಎಂಬ ಒಂದು ವಾಕ್ಯ ಒಪ್ಪಂದದಲ್ಲಿ ಇದ್ದಿದ್ದರೆ ಉಳಿದ ಐವತ್ತು ಸಾವಿರವನ್ನೂ ಕೇಳಲು ಆಧಾರವಿರುತ್ತಿತ್ತು. ಬಿಲ್ಡರಿಂದ ಕೊಳ್ಳುವವರಿಗೆ ರೇರಾ ಕಾಯ್ದೆಯ ಬಲವಿದೆ: ಮಾರಾಟ ಕರಾರು ನೋಂದಣಿಯಾಗುವ ಮುನ್ನ ಬೆಲೆಯ ಶೇ. 10ಕ್ಕಿಂತ ಹೆಚ್ಚು ಕೇಳುವಂತಿಲ್ಲ. ಯಾರಿಂದ ಕೊಂಡರೂ ಇ-ಖಾತಾ, ಋಣಭಾರ ಪ್ರಮಾಣಪತ್ರ, ಸ್ವಾಧೀನಾನುಭವ ಪತ್ರ ಈ ಮೂರನ್ನೂ ನಿಮ್ಮದೇ ವಕೀಲರಿಗೆ ತೋರಿಸಿ, ಬ್ಯಾಂಕಿನ ವಕೀಲರು ನೋಡುವುದು ಬ್ಯಾಂಕಿನ ಹಿತವನ್ನು. 50 ಲಕ್ಷ ಅಥವಾ ಅದಕ್ಕೂ ಹೆಚ್ಚಿನ ಬೆಲೆಯಾದರೆ ಮಾರುವವರಿಗೆ ಕೊಡುವ ಹಣದಲ್ಲಿ ಶೇ. 1 ಟಿಡಿಎಸ್ ಹಿಡಿದು ಸರ್ಕಾರಕ್ಕೆ ಕಟ್ಟುವ ಹೊಣೆ ಕೊಳ್ಳುವವರದು.

ಇಬ್ಬರೂ ಈಗ ಸೌತ್ ಎಂಡ್ ಹತ್ತಿರದ ಎರಡನೇ ಮಹಡಿಯ ಮನೆಯಲ್ಲಿದ್ದಾರೆ. ವಾರಕ್ಕೆ ಮೂರು ದಿನ ಕಾವೇರಿ ನೀರು ಬರುತ್ತದೆ. ಅಳಿಯನ ನಾಲ್ಕು ಪೇ ಸ್ಲಿಪ್ ಆಗಿವೆ, ಇನ್ನೆರಡು ಆದ ಮೇಲೆ ಸಾಲದ ಕಡತ ಮತ್ತೆ ಬ್ಯಾಂಕಿಗೆ ಹೋಗುತ್ತದೆ.