ಶಾಸನಹರನಾದ ರಾಯಭಾರಿ: 1940ರ ಲಂಡನ್ನಿನಲ್ಲಿ ಕೆನಡಿ ಮತ್ತು ಚರ್ಚಿಲ್

ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಮೈಸೂರಿನಿಂದ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರವು ದೂತರನ್ನು ಮೂರು ಬಗೆಯಾಗಿ ವಿಂಗಡಿಸುತ್ತದೆ: ಪೂರ್ಣಾಧಿಕಾರವುಳ್ಳ ನಿಸೃಷ್ಟಾರ್ಥ, ಗೊತ್ತುಪಡಿಸಿದ ಕಾರ್ಯಕ್ಕಷ್ಟೇ ಅಧಿಕಾರವುಳ್ಳ ಪರಿಮಿತಾರ್ಥ, ಕೇವಲ ಓಲೆಯನ್ನು ಮುಟ್ಟಿಸುವ ಶಾಸನಹರ. ಪದವಿ ಕಿಂಚಿತ್ತೂ ಕುಗ್ಗದೆ ರಾಯಭಾರಿಯೊಬ್ಬನು ಮೂರನೆಯ ಬಗೆಗೆ ಇಳಿಯುವುದೂ ಉಂಟು. ಎರಡನೆಯ ಮಹಾಯುದ್ಧದ ಆರಂಭದಲ್ಲಿ ಲಂಡನ್ನಿನಲ್ಲಿದ್ದ ಅಮೆರಿಕದ ರಾಯಭಾರಿ ಜೋಸೆಫ್ ಕೆನಡಿಯ ಗತಿ ಅದೇ ಆಯಿತು.

1940ರ ಮೇ 10ರಂದು ಚರ್ಚಿಲನು ಬ್ರಿಟನ್ನಿನ ಪ್ರಧಾನಿಯಾದನು; ಅದೇ ದಿನ ಜರ್ಮನ್ ಸೇನೆ ಹಾಲೆಂಡ್, ಬೆಲ್ಜಿಯಂಗಳೊಳಕ್ಕೆ ನುಗ್ಗಿತು. ಮೇ 14ರ ರಾತ್ರಿ ತನ್ನನ್ನು ಕಂಡ ಕೆನಡಿಗೆ ಆತನು, ಇಂಗ್ಲೆಂಡು ಸುಟ್ಟು ಬೂದಿಯಾದರೂ ಸರ್ಕಾರವು ನೌಕಾಪಡೆಯೊಡನೆ ಕೆನಡಾಕ್ಕೆ ತೆರಳಿ ಹೋರಾಡುವುದೆಂದು ಹೇಳಿದನು. ಕೆನಡಿಯು ಅದನ್ನು ವಾಷಿಂಗ್ಟನ್ನಿಗೆ ವರದಿಮಾಡಿದನು. ಮರುದಿನ ಚರ್ಚಿಲನು ಅಧ್ಯಕ್ಷ ರೂಸ್‌ವೆಲ್ಟನಿಗೆ ನೇರವಾಗಿ ತಂತಿ ಬರೆದು, 40 ಇಲ್ಲವೆ 50 ಹಳೆಯ ಡೆಸ್ಟ್ರಾಯರ್ ನೌಕೆಗಳನ್ನು ಎರವಲಾಗಿ ಕೇಳಿದನು. ವಿಚಿತ್ರವೆಂದರೆ, ಈ ತಂತಿಯು ಹೋದದ್ದು ಕೆನಡಿಯ ಕಚೇರಿಯ ಮೂಲಕವೇ! ತಾನು ಒಪ್ಪದ ಬೇಡಿಕೆಗೆ ತಾನೇ ವಾಹಕನಾಗಬೇಕಾಯಿತು.

ಕೆನಡಿಯನ್ನು ಹೇಡಿಯೆಂದು ತಳ್ಳಿಹಾಕುವುದು ನ್ಯಾಯವಲ್ಲ. ಜೂನ್ ತಿಂಗಳಲ್ಲಿ ಫ್ರಾನ್ಸ್ ಶರಣಾಗತವಾದಾಗ ಆತನ ಲೆಕ್ಕಾಚಾರಕ್ಕೆ ಆಧಾರವಿತ್ತು. ಆದರೆ ನೆರವನ್ನು ಯಾಚಿಸುವ ನಾಯಕನಿಗೆ ಬೇಕಾದುದು ತನ್ನ ಸೋಲನ್ನು ಮುಂಚಿತವಾಗಿ ಬರೆದಿಟ್ಟ ಮಧ್ಯಸ್ಥನಲ್ಲ. ರೂಸ್‌ವೆಲ್ಟನಿಗೂ ಬೇರೊಂದು ಕಣ್ಣು ಬೇಕಾಗಿತ್ತು. ಜುಲೈಯಲ್ಲಿ ಆತನು ವಿಲಿಯಂ ಡಾನೊವನ್ ಎಂಬ ವಕೀಲನನ್ನು ಲಂಡನ್ನಿಗೆ ಕಳುಹಿದನು. ಬ್ರಿಟನ್ ನಿಲ್ಲಬಲ್ಲುದೆಂದು ಡಾನೊವನನು ಹಿಂದಿರುಗಿ ತಿಳಿಸಿದನು.

ನೌಕೆಗಳ ಮಾತುಕತೆಯೂ ಸ್ಥಳ ಬದಲಿಸಿತು. ವಾಷಿಂಗ್ಟನ್ನಿನಲ್ಲಿದ್ದ ಬ್ರಿಟಿಷ್ ರಾಯಭಾರಿ ಲಾರ್ಡ್ ಲೋಥಿಯನ್ ಅದನ್ನು ಮುನ್ನಡೆಸಿದನು. ಸೆಪ್ಟೆಂಬರ್ 2ರಂದು 50 ಡೆಸ್ಟ್ರಾಯರುಗಳಿಗೆ ಪ್ರತಿಯಾಗಿ ನ್ಯೂಫೌಂಡ್‌ಲೆಂಡ್, ಬರ್ಮುಡಾ ಮತ್ತು ಕೆರಿಬಿಯನ್ ಪ್ರದೇಶಗಳಲ್ಲಿ 99 ವರ್ಷಗಳ ನೆಲೆಗಳು ಅಮೆರಿಕಕ್ಕೆ ದೊರೆತವು. ನೌಕೆಗಳು ಹಳೆಯವು, ಅನೇಕವಕ್ಕೆ ದುರಸ್ತಿ ಬೇಕಿತ್ತು. ತಟಸ್ಥ ರಾಷ್ಟ್ರವೊಂದು ಪಕ್ಷ ವಹಿಸಿತೆಂಬುದೇ ಅವುಗಳ ನಿಜವಾದ ಬೆಲೆ. ತನ್ನನ್ನು ಕತ್ತಲೆಯಲ್ಲಿಟ್ಟರೆಂದು ಕೆನಡಿಯು ದೂರಿದನು. ದೂರು ಸತ್ಯವಾಗಿತ್ತು.

ಅಕ್ಟೋಬರಿನಲ್ಲಿ ಆತನು ಲಂಡನ್ನನ್ನು ಬಿಟ್ಟನು. 1941ರ ಮಾರ್ಚ್ 1ರಂದು ಹೊಸ ರಾಯಭಾರಿ ಜಾನ್ ವೈನಂಟ್ ಬಂದಿಳಿದಾಗ, ಆತನನ್ನು ಎದುರುಗೊಳ್ಳಲು ಆರನೆಯ ಜಾರ್ಜ್ ದೊರೆಯೇ ವಿಂಡ್ಸರ್ ರೈಲುನಿಲ್ದಾಣಕ್ಕೆ ಬಂದಿದ್ದನು.